ಕಾರ್ಬುರೇಟರಿಗೆ ತಾಂಬೂಲ ಕೊಟ್ಟ ಅಧ್ಯಕ್ಷರಿಗೆ

ಇವರಿಗೆ,
ಶ್ರೀ ಪ್ರಸನ್ನ ಅವರು, ಸನ್ಮಾನ್ಯ ಅಧ್ಯಕ್ಷರು,
ಹೊಂಗೆಮರ ಅಡ್ಡರಸ್ತೆ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ,
ಬನಶಂಕರಿ ಎರಡನೇ ಹಂತ, ಬೆಂಗಳೂರು.

ಮಾನ್ಯರೇ,

ಎದುರಾಳಿಯೇ ಇಲ್ಲದ ಚುನಾವಣೆಯಲ್ಲಿ ಸತತ ಮೂರನೆಯ ಬಾರಿ ಭಾರಿ ಬಹುಮತದಿಂದ ಗೆದ್ದು, ನಮ್ಮ ಅಡ್ಡರಸ್ತೆಯ ಮೂವತ್ತೆಂಟು ಮನೆಗಳ ಕ್ಷೇಮವನ್ನು ಒಬ್ಬರೇ ತಲೆಯ ಮೇಲೆ ಹೊತ್ತು ತಿರುಗುತ್ತಿರುವ ತಮಗೆ, ಮನೆ ನಂಬರ್ ಹನ್ನೆರಡರ ಗ್ಯಾರೇಜಿನಿಂದ, ಗ್ರೀಸ್ ಮೆತ್ತಿದ ಕೈಗಳನ್ನು ಮೊದಲು ಸೀಮೆಎಣ್ಣೆಯಲ್ಲೂ ಆಮೇಲೆ ಸೋಪಿನಲ್ಲೂ ತೊಳೆದು ಜೋಡಿಸಿ ಮಾಡುವ ನಮಸ್ಕಾರಗಳು. ತಾವೂ ತಮ್ಮ ದೊಡ್ಡ ಕಾರೂ, ಅದು ಹಿಂದಕ್ಕೆ ಬರುವಾಗ ಹಾಡುವ ಹಾಡೂ ಕ್ಷೇಮವೆಂದು ನಂಬಿದ್ದೇನೆ. ಹಾಡಿನ ಬಗ್ಗೆ ನನಗೆ ಅನುಮಾನವೇನೂ ಇಲ್ಲ, ದಿನಕ್ಕೆ ನಾಲ್ಕು ಸಲ ನಮ್ಮ ಅಡುಗೆಮನೆಯವರೆಗೂ ಬಂದು ತನ್ನ ಆರೋಗ್ಯ ತಿಳಿಸಿ ಹೋಗುತ್ತದೆ.

ಡಿಸೆಂಬರ್ ಇಪ್ಪತ್ತೆರಡರ ತಮ್ಮ ನೋಟೀಸು ಕೈಸೇರಿತು. ಹಿಂದಿನ ದಿನ, ಅಂದರೆ ಭಾನುವಾರ ಬೆಳಿಗ್ಗೆ ಹತ್ತೂವರೆಯಿಂದ ಹದಿನಾಲ್ಕು ನಿಮಿಷಗಳ ಕಾಲ ನಮ್ಮ ಗ್ಯಾರೇಜಿನಿಂದ 'ಅಸಹನೀಯ ಯಾಂತ್ರಿಕ ಶಬ್ದ' ಹೊರಟು, ಅದರಿಂದ 'ಹಿರಿಯ ನಾಗರಿಕರ ಶ್ರವಣೇಂದ್ರಿಯಗಳಿಗೆ ಧಕ್ಕೆ'ಯಾಗಿದೆಯೆಂದೂ, ಏಳು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಗ್ಯಾರೇಜಿನಲ್ಲಿ ಯಾವುದೇ ರಿಪೇರಿ ಕೆಲಸ ಮಾಡದಂತೆ ಸಂಘ ನಿರ್ಬಂಧಿಸುವುದೆಂದೂ ತಿಳಿದು ತುಂಬಾ ಸಂತೋಷವಾಯಿತು. ಹದಿನಾಲ್ಕು ನಿಮಿಷವೆಂದು ಗಡಿಯಾರ ಹಿಡಿದು ಅಳೆದ ತಮ್ಮ ಶ್ರದ್ಧೆಯನ್ನು ನಮ್ಮ ರಸ್ತೆಯ ಕಸದ ಗಾಡಿ ಬರುವ ಸಮಯವನ್ನು ಅಳೆಯುವುದಕ್ಕೂ ಬಳಸಿದ್ದರೆ ನಾವೆಲ್ಲ ಉದ್ಧಾರವಾಗಿಬಿಡುತ್ತಿದ್ದೆವು. ನೋಟೀಸನ್ನು ನಮ್ಮ ಯಜಮಾನರ ಹೆಸರಿಗೆ ಬರೆದಿದ್ದೀರಿ. ಅವರು ಈ ಜನ್ಮದಲ್ಲಿ ಸ್ಕ್ರೂಡ್ರೈವರ್ ಹಿಡಿದಿರುವುದು ಉಪ್ಪಿನಕಾಯಿ ಜಾಡಿಯ ಮುಚ್ಚಳ ಎಬ್ಬಿಸುವುದಕ್ಕೆ ಮಾತ್ರ. ಸರ್ಕಾರಿ ಪಾಲಿಟೆಕ್ನಿಕ್‌ನ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು, ಎಂಜಿನ್ ಬಿಚ್ಚುವವಳೂ ನಾನೇ. ಈ ಸಂಗತಿಯನ್ನು ತಮಗೆ ಏಳು ವರ್ಷಗಳಲ್ಲಿ ಇಪ್ಪತ್ತು ಸಲವಾದರೂ ಹೇಳಿದ್ದೇನೆ, ಪ್ರತಿ ಸಲವೂ ತಾವು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ "ಸಾರ್ ಇಲ್ವಾ ಮೇಡಂ?" ಎಂದೇ ಕೇಳಿದ್ದೀರಿ. ಆದ್ದರಿಂದ ಸಾರ್ ಅವರ ಪರವಾಗಿ ಮೇಡಂ ಕೊಡುತ್ತಿರುವ ಸಮಜಾಯಿಷಿ ಇದು. ಒಂದು ಪ್ರತಿಯನ್ನು ಸಂಘದ ಫಲಕದ ಮೇಲೂ, ಇನ್ನೊಂದನ್ನು ಮೂಲೆಯ ಹೂವಿನ ಗಾಡಿಯ ಮೇಲೂ ಅಂಟಿಸಿದ್ದೇನೆ. ಫಲಕವನ್ನು ಯಾರೂ ಓದುವುದಿಲ್ಲ, ಹೂವಿಗೆ ಎಲ್ಲರೂ ಬರುತ್ತಾರೆ.

ಮೊದಲಿಗೆ ವಾಹನದ ವಿಚಾರ. ತಾವು 'ಗುಜರಿ' ಎಂದು ನಮೂದಿಸಿರುವ ವಸ್ತು ಅರವತ್ತು ದಾಟಿದ, ಇಂಗ್ಲೆಂಡಿನಲ್ಲಿ ಹುಟ್ಟಿದ, ಇಬ್ಬರು ಮಾತ್ರ ಕೂರುವ ಸ್ಪೋರ್ಟ್ಸ್ ಕಾರು. ಇದಕ್ಕೆ ಎರಡು ಕಾರ್ಬುರೇಟರುಗಳಿವೆ. ಗುಂಡಿ ಒತ್ತಿದರೆ ಹೊರಡುವ ಕಾರನ್ನು ಇಟ್ಟುಕೊಂಡಿರುವ ತಮ್ಮಂಥವರಿಗೆ ಇದು ತಿಳಿದಿರಬೇಕಿಲ್ಲ: ಕಾರ್ಬುರೇಟರು ಎಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಉಣಿಸುವ ಸಾಧನ. ಎರಡಿದ್ದರೆ ಎರಡೂ ಒಂದೇ ಸಮ ಉಸಿರೆಳೆಯಬೇಕು, ಒಂದು ಜಾಸ್ತಿ ಎಳೆದು ಇನ್ನೊಂದು ಕಮ್ಮಿ ಎಳೆದರೆ ಎಂಜಿನ್ ಕುಂಟುತ್ತದೆ. ಇದನ್ನು ಸರಿಮಾಡುವ ಹಳೆಯ ಕ್ರಮ ಹೀಗೆ. ಒಂದು ಮೊಳ ರಬ್ಬರ್ ಕೊಳವೆ ತೆಗೆದುಕೊಂಡು, ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೂ ಹಿಡಿದು, ಒಳಗೆ ಹೋಗುವ ಗಾಳಿಯ ಸುಯ್ಯೆನ್ನುವ ಸದ್ದು ಕೇಳಬೇಕು. ಆಮೇಲೆ ಇನ್ನೊಂದರದ್ದು ಕೇಳಬೇಕು. ಎರಡೂ ಒಂದೇ ಆಗುವವರೆಗೆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು. ಈಗ ಇದಕ್ಕೆ ಮೀಟರು ಬಂದಿದೆ, ನನ್ನ ಹತ್ತಿರವೂ ಒಂದಿದೆ. ಅದನ್ನು ತೋರಿಸಿದಾಗ ನಮ್ಮ ದೇವದಾಸ್ ಹಿಂದೆ ಮುಂದೆ ತಿರುಗಿಸಿ ನೋಡಿ, "ಪರ್ವಾಗಿಲ್ಲ ಮೇಡಂ, ಇದಕ್ಕೂ ಅಲ್ಪಸ್ವಲ್ಪ ಕೇಳ್ಸುತ್ತೆ" ಎಂದಿದ್ದರು.

ದೇವದಾಸ್ ಯಾರೆಂದು ತಮಗೆ ಗೊತ್ತಿದೆ. ಭಾನುವಾರ ಖಾಕಿ ಅಂಗಿ ಹಾಕಿಕೊಂಡು ನಮ್ಮ ಮನೆಗೆ ಬರುವ, ಗೇಟಿನ ಬಳಿ ತಾವು ಒಮ್ಮೆ "ಏನಪ್ಪಾ, ಯಾರ್ ಬೇಕು?" ಎಂದು ಏಕವಚನದಲ್ಲಿ ವಿಚಾರಿಸಿದ ಎಪ್ಪತ್ತೊಂಬತ್ತು ವರ್ಷದ ಹಿರಿಯರು. ಸಿದ್ದಾಪುರದ ಒಂದು ಶೆಡ್ಡಿನಲ್ಲಿ ಐವತ್ತು ವರ್ಷ ಇಂಥ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಿದವರು, ನನಗೆ ಕಾಲೇಜಿನ ಪುಸ್ತಕಗಳು ಕಲಿಸದೆ ಬಿಟ್ಟದ್ದನ್ನೆಲ್ಲ ಕಲಿಸಿದವರು. ಈ ಕಾರನ್ನು ಏಳು ವರ್ಷಗಳಿಂದ ಅವರೂ ನಾನೂ ಒಂದೊಂದೇ ಬೋಲ್ಟ್ ಹಾಕಿ ಕಟ್ಟುತ್ತಾ ಬಂದೆವು. ಅಷ್ಟರಲ್ಲಿ ಅವರ ಎಡಗಿವಿ ಪೂರ್ತಿ ಹೋಯಿತು. ಕಳೆದ ಆಗಸ್ಟಿನಲ್ಲಿ ಡಾಕ್ಟರು ಬಲಗಿವಿಯೂ ತಿಂಗಳು ತಿಂಗಳಿಗೆ ಇಳಿಯುತ್ತಿದೆ, ಹೆಚ್ಚು ದಿನ ಉಳಿಯುವುದಿಲ್ಲ, ಯಂತ್ರ ಹಾಕಿದರೂ ಅಷ್ಟಕ್ಕಷ್ಟೇ ಎಂದರು. ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ದೇವದಾಸ್ ನನ್ನನ್ನು ಕೇಳಿದ್ದು ಒಂದೇ ಮಾತು: "ದಸರಾಕ್ಕೆ ಗಾಡಿ ಸ್ಟಾರ್ಟ್ ಆಗುತ್ತಲ್ಲ ಮೇಡಂ? ಒಂದ್ಸಲ ಅದ್ರ ಉಸಿರು ಕೇಳ್ಸಿಬಿಡ್ಲಿ, ಆಮೇಲೆ ಕಿವಿ ಇದ್ರೇನು ಹೋದ್ರೇನು."

ಆಗುತ್ತದೆ ಎಂದು ನಾನು ಮಾತು ಕೊಟ್ಟೆ. ಆಯುಧಪೂಜೆಯ ಹೊತ್ತಿಗೆ ಎಲ್ಲವೂ ಸಿದ್ಧವಾಗಿತ್ತು. ಟ್ಯಾಂಕಿಗೆ ಪೆಟ್ರೋಲ್, ಬ್ಯಾಟರಿಗೆ ಚಾರ್ಜು, ಹೊಸ ಎಣ್ಣೆ, ಬಿಚ್ಚಿಟ್ಟ ಏರ್ ಫಿಲ್ಟರುಗಳು, ಟ್ಯೂನಿಂಗಿಗಾಗಿ ತೆರೆದಿದ್ದ ಎರಡು ಬಾಯಿಗಳು. ಆದರೆ ಪೂಜೆಯ ದಿನ ದೇವದಾಸ್ ಸ್ಪ್ಯಾನರ್ ಮುಟ್ಟುವವರಲ್ಲ, ಅವತ್ತು ಆಯುಧಕ್ಕೆ ರಜ. ಹಾಗಾಗಿ ಮರುದಿನ ವಿಜಯದಶಮಿ, ಬೆಳಿಗ್ಗೆ ಹತ್ತಕ್ಕೆ ಎಂದು ಗೊತ್ತುಮಾಡಿಕೊಂಡೆವು. ಕಾರ್ಬುರೇಟರುಗಳ ಬಾಯಿಗೆ ದೂಳು ಹೋಗದಿರಲೆಂದು ಒಗೆದ ಪಂಚೆಯ ತುಂಡು ಮುಚ್ಚಿ, ದಾರ ಕಟ್ಟಿ, ಯಾರು ತಳ್ಳಿದರೂ ಕದಲದಿರಲೆಂದು ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಏರಿಸಿ, ನಾನು ಆಟೋ ಹಿಡಿದು ದೇವದಾಸರನ್ನು ಹಬ್ಬದ ಊಟಕ್ಕೆ ಕರೆತರಲು ಸಿದ್ದಾಪುರಕ್ಕೆ ಹೋದೆ. ಗೇಟಿನ ಕಡೆ ಒಂದು ಕಣ್ಣಿಡು ಎಂದು ಹೂವಿನ ಬೈರಮ್ಮನಿಗೆ ಹೇಳಿದ್ದೆ. ಕಣ್ಣು ಅವಳಿಟ್ಟಳು, ಕೈ ತಾವಿಟ್ಟಿರಿ.

ಆಯುಧಪೂಜೆಯ ಆ ದಿನ ತಾವು ಸಂಘದ ವತಿಯಿಂದ ಸಾಮೂಹಿಕ ವಾಹನಪೂಜೆ ನೆರವೇರಿಸುತ್ತಾ, ಮೈಕಿನಲ್ಲಿ ಒಂದೊಂದೇ ಮನೆಯ ನಂಬರು ಕೂಗುತ್ತಾ ನಮ್ಮ ಮನೆಯವರೆಗೂ ಬಂದು, ಬಾನೆಟ್ ತೆರೆದು ನಿಂತಿದ್ದ ಕಾರನ್ನು ಕಂಡು, ಪಾಪ, ಇದಕ್ಕೊಂದು ಪೂಜೆ ಮಾಡುವವರಿಲ್ಲವೆಂದು ಮರುಗಿದಿರಂತೆ. ಆ ಮರುಕಕ್ಕೆ ನನ್ನ ಸಾಷ್ಟಾಂಗ ನಮಸ್ಕಾರ. ಅರಿಶಿನ, ಕುಂಕುಮ, ವಿಭೂತಿ ಹಚ್ಚಿದಿರಿ, ಸಂತೋಷ. ಸೇವಂತಿಗೆ ಹಾರ ಹಾಕಿದಿರಿ, ಮತ್ತೂ ಸಂತೋಷ. ಮಂಗಳಾರತಿ ಎತ್ತುವಾಗ ತಮಗೆ ಆ ಪಂಚೆಯ ತುಂಡು ಕಂಡಿತು. "ಪರದೆ ಸರಿಸ್ದೆ ಮಂಗಳಾರತಿ ಮಾಡೋದುಂಟೇನ್ರೀ?" ಎಂದು ತಾವೇ ದಾರ ಬಿಚ್ಚಿದಿರಿ. ಅಲ್ಲಿ ಎರಡು ಬಾಯಿ ಕಂಡವು. ಬಾಯಿ ತೆರೆದ ದೈವದ ಮುಂದೆ ಬರಿಗೈಯಲ್ಲಿ ನಿಲ್ಲುವ ಜಾಯಮಾನ ತಮ್ಮದಲ್ಲ. ಒಂದಕ್ಕೆ ಅಕ್ಷತೆಯನ್ನೂ ಸೇವಂತಿಗೆ ದಳಗಳನ್ನೂ ನೈವೇದ್ಯವಾಗಿ ಅರ್ಪಿಸಿ, ನೈವೇದ್ಯದ ನಂತರ ತಾಂಬೂಲವಾಗಬೇಕಲ್ಲವೇ ಎಂದು ಇನ್ನೊಂದಕ್ಕೆ, ವೀಳ್ಯದೆಲೆ ದೊಡ್ಡದಾಯಿತೆಂದು ಪಕ್ಕಕ್ಕಿಟ್ಟು, ಅಡಿಕೆಯನ್ನಷ್ಟೇ ದಯಪಾಲಿಸಿದಿರಿ. ಜಗತ್ತಿನಲ್ಲಿ ಕಾರ್ಬುರೇಟರು ಹುಟ್ಟಿ ನೂರಕ್ಕೂ ಹೆಚ್ಚು ವರ್ಷವಾಯಿತು. ಅದಕ್ಕೆ ಊಟದ ನಂತರ ಅಡಿಕೆ ಬೇಕಾಗುತ್ತದೆಂದು ಜರ್ಮನರಿಗೆ ಹೊಳೆಯಲಿಲ್ಲ, ಜಪಾನಿನವರಿಗೂ ಹೊಳೆಯಲಿಲ್ಲ. ಬೈರಮ್ಮ ಓಡಿಬಂದು ತಡೆದಳಂತೆ. ಅವಳ ಮಾತನ್ನೇ ಬರೆಯುತ್ತೇನೆ: "ನಾನ್ ಬಡ್ಕೊಂಡೆ ಕಣಕ್ಕಾ, ಅದ್ರೊಳಿಕ್ ಏನೂ ಆಕ್ಬೇಡಿ ಸಾಮಿ, ಅಕ್ಕ ಬಟ್ಟೆ ಕಟ್ಟವ್ರೆ ಅಂತ. ನಿನ್ ಹೂವಾ ನೀನ್ ನೋಡ್ಕೋ ಓಗಮ್ಮ ಅಂದ್ಬುಟ್ರು." ಹೂವು ಕಟ್ಟುವ ಹೆಂಗಸಿಗೆ ತಿಳಿದದ್ದು ಅಧ್ಯಕ್ಷರಿಗೆ ತಿಳಿಯದಿದ್ದರೆ ಅದರಲ್ಲಿ ಅವಮಾನವೇನಿಲ್ಲ, ಅವಳು ಚುನಾವಣೆಗೆ ನಿಂತಿಲ್ಲ ಅಷ್ಟೇ.

ಇಷ್ಟಕ್ಕೇ ನಿಂತಿದ್ದರೂ ಇಕ್ಕಳದಲ್ಲಿ ಎಲ್ಲವನ್ನೂ ಹೆಕ್ಕಿ ತೆಗೆದು ತಮ್ಮನ್ನು ಹರಸಿ ಸುಮ್ಮನಾಗುತ್ತಿದ್ದೆ. ಆದರೆ ಚಕ್ರ ನಿಂಬೆಹಣ್ಣು ತುಳಿಯದೆ ಪೂಜೆ ಮುಗಿಯುವುದಿಲ್ಲವಲ್ಲ. ನಾಲ್ಕು ಚಕ್ರಗಳಿಗೂ ನಿಂಬೆಹಣ್ಣು ಇಟ್ಟಿರಿ. ಚಕ್ರಗಳು ನೆಲದಿಂದ ನಾಲ್ಕು ಬೆರಳು ಮೇಲಿದ್ದವು. ಬಗ್ಗಿ ಹಣ್ಣಿಟ್ಟ ತಮಗಾಗಲಿ, ಮೊಳೆಗೆ ತೂಗುಹಾಕಿದ್ದ ಕೀಲಿ ತೆಗೆದುಕೊಂಡು ಒಳಗೆ ಕೂತ ಜಂಟಿ ಕಾರ್ಯದರ್ಶಿ ಮಹೇಶ್ ಅವರಿಗಾಗಲಿ ಅದು ಕಣ್ಣಿಗೆ ಬೀಳಲಿಲ್ಲ. ಏಳು ವರ್ಷ ಕಟ್ಟಿದ ಎಂಜಿನ್, ಪಾಪದ್ದು, ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಮಹೇಶ್ ಗೇರು ಹಾಕಿದರು. ಹಿಂದಿನ ಚಕ್ರಗಳು ಗಾಳಿಯಲ್ಲಿ ಗಿರ್ರನೆ ತಿರುಗಿದವು, ಕಾರು ಕದಲಲಿಲ್ಲ, ನಿಂಬೆಹಣ್ಣು ಒಡೆಯಲಿಲ್ಲ. "ಯಾಕೋ ಹಿಡ್ಕೊಂಡಿದೆ ಸಾರ್" ಎಂದರಂತೆ ಅವರು. "ಇನ್ನೂ ಕೊಡ್ರೀ, ಹಳೇ ಗಾಡಿ, ದಮ್ ಕಟ್ಬೇಕು" ಎಂದು ತಾವು ತಾಂತ್ರಿಕ ಸಲಹೆ ನೀಡಿದಿರಂತೆ. ಅವರು ಕೊಟ್ಟರು. ಆಕ್ಸಿಲರೇಟರನ್ನು ನೆಲಕ್ಕೆ ತುಳಿದರು. ಹೊಸದಾಗಿ ಕಟ್ಟಿದ ಎಂಜಿನ್ನನ್ನು ಮೊದಲ ದಿನ ಮೆಲ್ಲಗೆ, ಎಳೆಮಗುವಿಗೆ ಸ್ನಾನ ಮಾಡಿಸಿದ ಹಾಗೆ ನಡೆಸಬೇಕು. ತಾವಿಬ್ಬರೂ ಅದರ ಕೂಗು ರಸ್ತೆಯ ಆ ಮೂಲೆಗೆ ಮುಟ್ಟುವಂತೆ ಮಾಡಿದಿರಿ, ಅಡಿಕೆ ಒಳಗೆ ಹೋಯಿತು.

ಆ ಮೂಲೆಯಲ್ಲಿ ನಮ್ಮ ಆಟೋ ಆಗಷ್ಟೇ ತಿರುಗುತ್ತಿತ್ತು. ಬಲಗಿವಿಯನ್ನು ಹೊರಗೆ ಮಾಡಿ ಕೂತಿದ್ದ ದೇವದಾಸ್ ಥಟ್ಟನೆ ನನ್ನ ಕೈ ಹಿಡಿದುಕೊಂಡು, "ಅಯ್ಯೋ, ಯಾರ್ದೋ ಗಾಡಿ ಸಾಯ್ತಾ ಇದೆ ಮೇಡಂ" ಎಂದರು. ಯಾರದೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ. ನಾವು ಗೇಟು ಮುಟ್ಟುವಷ್ಟರಲ್ಲಿ ಒಳಗಿಂದ ಟಣ್ ಟಣ್ ಎಂದು ಹೊಡೆದು ಎಂಜಿನ್ ನಿಂತುಹೋಗಿತ್ತು. ತಾವು ಮಹೇಶ್ ಅವರೊಂದಿಗೆ ಹೊರಬಂದು, ನನ್ನ ಕೈಗೆ ಒಂದು ಪೊಟ್ಟಣ ಕಡ್ಲೆಪುರಿ ಕೊಟ್ಟು, "ಬ್ಯಾಟರಿ ವೀಕಿದೆ ಅನ್ಸುತ್ತೆ, ಸಾರ್‌ಗೆ ಹೇಳಿ" ಎಂದು ಮುಂದಿನ ಮನೆಗೆ ನಡೆದಿರಿ. ಕಡ್ಲೆಪುರಿ ತಿಂದೆವು, ಸುಳ್ಳು ಹೇಳಬಾರದು, ಗರಿಗರಿಯಾಗಿತ್ತು.

ವಿಜಯದಶಮಿಯ ದಿನ ಎಂಜಿನ್ನಿನ ಉಸಿರು ಕೇಳಬೇಕಿದ್ದವರು ಅದರ ತಲೆ ಬಿಚ್ಚಿ ಕೂತರು. ಒಳಗೆ ಅಕ್ಕಿಕಾಳು, ಸುಟ್ಟ ಸೇವಂತಿಗೆ, ಮೂರನೆಯ ಸಿಲಿಂಡರಿನಲ್ಲಿ ಜಜ್ಜಿಹೋದ ಅಡಿಕೆ, ಅದರ ಪಕ್ಕ ಬಾಗಿದ ವಾಲ್ವು. ಐವತ್ತು ವರ್ಷಗಳಲ್ಲಿ ಎಂಜಿನ್ನಿನ ಹೊಟ್ಟೆಯಿಂದ ನಟ್ಟು, ಸ್ಕ್ರೂ, ಇಲಿಯ ಗೂಡು, ಒಮ್ಮೆ ಯಾರದೋ ಉಂಗುರ ತೆಗೆದಿರುವ ದೇವದಾಸ್, ತಾಂಬೂಲ ತೆಗೆದದ್ದು ಇದೇ ಮೊದಲು ಎಂದರು. ನಕ್ಕರು ಕೂಡ. ನನಗೆ ನಗು ಬರಲಿಲ್ಲ. ವಾಲ್ವು ಇಂಗ್ಲೆಂಡಿನಿಂದ ಬರಬೇಕು, ಜತೆಗೆ ಗ್ಯಾಸ್ಕೆಟ್ಟೂ ಬರಬೇಕು, ಬಂದ ಮೊದಲ ಪಾರ್ಸಲ್ಲಿನಲ್ಲಿ ಬೇರೆ ಯಾವುದೋ ಕಾರಿನ ವಾಲ್ವಿತ್ತು, ವಾಪಸು ಕಳಿಸಿ ಮತ್ತೆ ತರಿಸಬೇಕಾಯಿತು. ಅಕ್ಟೋಬರ್ ಹೋಯಿತು, ನವೆಂಬರ್ ಹೋಯಿತು. ಆ ದಿನಗಳಲ್ಲಿ ನಾನು ದೇವದಾಸರೊಂದಿಗೆ ಮಾತಾಡುವಾಗ ದನಿ ಎಷ್ಟು ಏರುತ್ತಿದೆಯೆಂದು ಗಮನಿಸಿ, ರಾತ್ರಿ ನಿದ್ದೆ ಕೆಟ್ಟು, ತಮ್ಮನ್ನು ಮನಸಾರೆ ಬೈಯುತ್ತಿದ್ದೆ. ಆ ಬೈಗುಳಗಳು ಬಹಿರಂಗ ಪತ್ರಕ್ಕೆ ತಕ್ಕವಲ್ಲ. ಬೇಕಿದ್ದರೆ ಮನೆಗೆ ಬನ್ನಿ, ಖುದ್ದಾಗಿ ಒಪ್ಪಿಸುತ್ತೇನೆ.

ಈಗ ತಮ್ಮ ಆ ಹದಿನಾಲ್ಕು ನಿಮಿಷಕ್ಕೆ ಬರುತ್ತೇನೆ. ಡಿಸೆಂಬರ್ ಇಪ್ಪತ್ತೊಂದರಂದು ದೇವದಾಸ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಕೊಳವೆಯ ಒಂದು ತುದಿಯನ್ನು ಬಲಗಿವಿಗಿಟ್ಟು, ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದು, ಯಾವಾಗಿನಂತೆ ಕಣ್ಣು ಮುಚ್ಚಿ ಬಾಗಿ ನಿಂತರು. ನಾನು ಕೀಲಿ ತಿರುಗಿಸಿದೆ. ಎಂಜಿನ್ ಸ್ಟಾರ್ಟ್ ಆಯಿತು; ಎಷ್ಟು ಹಿತವಾಗಿ ಓಡಿತೆಂದರೆ, ಅಧ್ಯಕ್ಷರೇ, ತಾವು ಅಸಹನೀಯವೆಂದ ಆ ಸದ್ದಿಗೆ ನನಗೆ ಮೈ ಜುಮ್ಮೆಂದಿತು. ಒಂದು ನಿಮಿಷವಾಯಿತು. ದೇವದಾಸ್ ಅಲ್ಲಾಡಲಿಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡೇ, ಸ್ವಲ್ಪ ಅಸಹನೆಯಿಂದ, "ಹೂಂ, ನಾನ್ ರೆಡಿ. ಸ್ಟಾರ್ಟ್ ಮಾಡಿ ಮೇಡಂ" ಎಂದರು.

ನಾನು ಅವರ ಹೆಗಲು ಮುಟ್ಟಿದೆ. ಅವರು ಕಣ್ಣು ತೆರೆದು ಎಂಜಿನ್ನಿನ ಮುಂದೆ ತಿರುಗುತ್ತಿದ್ದ ಫ್ಯಾನು ನೋಡಿದರು. "ಓಹೋ, ಓಡ್ತಾ ಇದ್ಯಾ?" ಎಂದು ಎಂಜಿನ್ನಿನ ಮೇಲೆ ಅಂಗೈ ಇಟ್ಟು, ನಡುಕವಿಲ್ಲ, ಚೆನ್ನಾಗಿದೆ ಎಂದರು. ಮೀಟರು ಹಿಡಿದು ನಾನೇ ಟ್ಯೂನ್ ಮಾಡಿದೆ, ಅವರು ಅಂಗೈ ತೆಗೆಯದೆ ಪಕ್ಕದಲ್ಲಿ ನಿಂತರು. ಹೇಗಿದೆ ಸೌಂಡು ಎಂದು ಕೇಳಿದರು. ಮೂವತ್ತೊಂದು ವರ್ಷ ಪಾಠ ಹೇಳಿದವಳಿಗೆ ಅದನ್ನು ಹೇಳಲು ಬರಲಿಲ್ಲ. ಅಲ್ಲೇ ನಿಂತು ಅತ್ತೆ. ಎಂಜಿನ್ ಆರಿಸಿದ ಮೇಲೆ ಅವರು ಕೊಳವೆಯನ್ನು ಸುತ್ತಿ ನನ್ನ ಕೈಗೆ ಕೊಟ್ಟು, ಯಾರ ಮೇಲೂ ಸಿಟ್ಟಿಲ್ಲದೆ, "ಅವತ್ತು ಆಟೋದಲ್ಲಿ ಕೇಳಿಸ್ತಲ್ಲ ಮೇಡಂ, ನಮ್ ಗಾಡಿದು ಅದೊಂದೇ ನಂಗೆ ಸಿಕ್ಕಿದ್ದು" ಎಂದರು. ಮರುದಿನ ಹಿರಿಯ ನಾಗರಿಕರ ಕಿವಿಯ ಬಗ್ಗೆ ಕಳವಳ ವ್ಯಕ್ತಪಡಿಸಿದ ತಮ್ಮ ನೋಟೀಸು ಬಂತು.

ಆದಕಾರಣ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳಿವೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಂದು ಠರಾವು ಮಂಡಿಸಿ, ದೇವದಾಸ್ ಅವರ ಬಲಗಿವಿಯನ್ನು ವಿಜಯದಶಮಿಯ ಬೆಳಿಗ್ಗೆ ಹತ್ತು ಗಂಟೆಯ ಸ್ಥಿತಿಗೆ ಮರಳಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಬೇಕು; ಕೋರಂ ಸಾಲದಿದ್ದರೆ ನಮ್ಮ ಯಜಮಾನರನ್ನು ಕಳಿಸುತ್ತೇನೆ, ಅವರು ಯಾವುದಕ್ಕೂ ಕೈ ಎತ್ತುತ್ತಾರೆ. ಅದು ಸಂಘದ ವ್ಯಾಪ್ತಿಗೆ ಮೀರಿದ್ದೆಂದಾದರೆ, ಅವರ ತಲೆಯೊಳಗೆ ಉಳಿದಿರುವ ಆ ಒಂದು ಸದ್ದನ್ನಾದರೂ ತೆಗೆಸಿ, ಅದರ ಜಾಗಕ್ಕೆ ಡಿಸೆಂಬರ್ ಇಪ್ಪತ್ತೊಂದರ ಸದ್ದನ್ನು ಹಾಕಿಸಿಕೊಡಬೇಕು. ತಮಗೆ ಅದು ಹದಿನಾಲ್ಕು ನಿಮಿಷ ಪೂರ್ತಿ ಕೇಳಿಸಿದೆ, ಬೇಡವಾಗಿಯೂ ಇದೆ. ಬೇಕಾದವರಿಗೆ ವರ್ಗಾಯಿಸಲು ತಮಗೇನೂ ನಷ್ಟವಿಲ್ಲ. ಎರಡೂ ಆಗದಿದ್ದರೆ, ಕೊನೆಯ ಪಕ್ಷ ಸಿದ್ದಾಪುರಕ್ಕೆ ಹೋಗಿ, ಅವರ ಎದುರು ಕೂತು, ನಾನು ಹೀಗೆ ಮಾಡಿದೆ ಎಂದು ತಾವು ಹೇಳಬಹುದು. ಬಹುವಚನದಲ್ಲಿ ಹೇಳಬೇಕು, ಮೈಕ್ ಇಲ್ಲದೆ ಹೇಳಬೇಕು. ತುಟಿ ನೋಡಿ ಅವರು ಅರ್ಥಮಾಡಿಕೊಳ್ಳುತ್ತಾರೆ. ಮೂರರಲ್ಲಿ ತಮಗೆ ಅತ್ಯಂತ ಅಸಾಧ್ಯವಾದುದು ಇದೇ ಎಂದು ಬಲ್ಲೆ.

ಗ್ಯಾರೇಜಿನಲ್ಲಿ ಕೆಲಸ ನಿಲ್ಲಿಸುವ ವಿಚಾರ: ನಿಲ್ಲಿಸುವುದಿಲ್ಲ. ಪ್ರತಿ ಭಾನುವಾರ ಹತ್ತೂವರೆಗೆ ಎಂಜಿನ್ ಓಡುತ್ತದೆ, ದೇವದಾಸ್ ಅಂಗೈ ಇಟ್ಟು ನಿಲ್ಲುತ್ತಾರೆ. ತಾವು ಗಡಿಯಾರ ಸಿದ್ಧವಾಗಿಟ್ಟುಕೊಳ್ಳತಕ್ಕದ್ದು.

ತಮ್ಮ ಅಧ್ಯಕ್ಷತೆಯಲ್ಲಿ ಇಷ್ಟಾದರೂ ಇನ್ನೂ ಬದುಕಿರುವ, ಮುಂದೆಯೂ ಗೇಟಿಗೆ ಬೀಗ ಹಾಕಿಯೇ ಬದುಕಲಿರುವ,

ತಮ್ಮ ವಿಶ್ವಾಸಿ,
ಶಾಂತಲಾ
(ಮನೆ ನಂಬರ್ ಹನ್ನೆರಡರ 'ಸಾರ್')

ಮರೆತ ಮಾತು: ನಿನ್ನೆ ಮಹೇಶ್ ಅವರು ಬಂದು, ಗಣರಾಜ್ಯೋತ್ಸವದ ದಿನ ಸಂಘದ ವತಿಯಿಂದ ದೇವದಾಸ್ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದಾಗಿಯೂ, ತಾವು ಅಧ್ಯಕ್ಷೀಯ ಭಾಷಣ ಮಾಡುವುದಾಗಿಯೂ ತಿಳಿಸಿ, ಹೇಗಾದರೂ ಒಪ್ಪಿಸಿ ಎಂದು ಕೇಳಿಕೊಂಡು ಹೋದರು. ದೇವದಾಸರಿಗೆ ಚೀಟಿಯಲ್ಲಿ ಬರೆದು ತೋರಿಸಿದೆ, ಅವರು ಒಪ್ಪಿದ್ದಾರೆ. ಭಾಷಣವನ್ನು ತಾವು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಇಡೀ ಸಭೆಯಲ್ಲಿ ಕೊನೆಯವರೆಗೂ ನಗುಮುಖದಿಂದ ಕೂರುವವರು ಅವರೊಬ್ಬರೇ. ಚಪ್ಪಾಳೆ ಯಾವಾಗ ತಟ್ಟಬೇಕೆಂದು ನಾನು ಪಕ್ಕದಲ್ಲಿ ಕೂತು ಮೊಣಕೈಯಿಂದ ತಿವಿದು ತಿಳಿಸುತ್ತೇನೆ.